ಮೂಲೆಯಲ್ಲೊಂದು ನಂಬರು

ಪಿಸಿಯನ್ನು ತಾವೇ ಜೋಡಿಸಿಕೊಂಡವರು ಗೇಮ್ ಆಡುವಾಗ ಅವರ ಕಣ್ಣು ನೋಡಬೇಕು. ಅದು ಆಟದ ಮೇಲೆ ಇರುವುದಿಲ್ಲ. ಪರದೆಯ ಮೂಲೆಯಲ್ಲಿ ಪುಟ್ಟ ನಂಬರೊಂದು ಕುಣಿಯುತ್ತಿರುತ್ತದೆ, ಅದರ ಮೇಲಿರುತ್ತದೆ. 92, 88, 95, ಇದ್ದಕ್ಕಿದ್ದಂತೆ 57. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ, ಬರುತ್ತಿದೆ ಎಂಬ ಲೆಕ್ಕ ಅದು. ಎದುರಿಗೆ ಡ್ರ್ಯಾಗನ್ ಬೆಂಕಿ ಉಗುಳುತ್ತಿದ್ದರೂ ಇವರಿಗೆ ಅದರ ಹೆದರಿಕೆ ಇಲ್ಲ. ಅಷ್ಟೊಂದು ಬೆಂಕಿ, ಹೊಗೆ ಒಟ್ಟಿಗೆ ಬಂದರೆ ನಂಬರು 60ರ ಕೆಳಗೆ ಬಿದ್ದೀತಲ್ಲ ಅನ್ನೋದೇ ಚಿಂತೆ. ಬಿದ್ದೇ ಬೀಳುತ್ತದೆ. ಕೂಡಲೇ ಆಟ ನಿಲ್ಲಿಸಿ ಸೆಟ್ಟಿಂಗ್ಸ್ ತೆರೆಯುತ್ತಾರೆ. ನೆರಳಿನ ಗುಣಮಟ್ಟವನ್ನು ಅಲ್ಟ್ರಾದಿಂದ ಹೈಗೆ ಇಳಿಸುತ್ತಾರೆ. ಡ್ರ್ಯಾಗನ್ ಪಾಪ, ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ.

ನಾನೂ ಇದೇ ಗುಂಪಿನವನು. ಹಾಗಾಗಿ ಧಾರಾಳವಾಗಿ ಆಡಿಕೊಳ್ಳಬಹುದು ಅಂದುಕೊಂಡಿದ್ದೇನೆ.

ಕನ್ಸೋಲ್, ಅಂದರೆ ಟೀವಿಗೆ ಚುಚ್ಚಿ ಆಡುವ ರೆಡಿಮೇಡ್ ಗೇಮ್ ಪೆಟ್ಟಿಗೆ, ಇಟ್ಟುಕೊಂಡವರಿಗೆ ಈ ನಂಬರಿನ ಕಾಟವೇ ಇಲ್ಲ. ಟೀವಿಗೊಂದು ಕೇಬಲ್, ಗೋಡೆಯ ಪ್ಲಗ್ಗಿಗೊಂದು ಕೇಬಲ್, ಕೈಗೊಂದು ಕಂಟ್ರೋಲರ್. ಗೇಮ್ 30 ಫ್ರೇಮಿನಲ್ಲಿ ಓಡುತ್ತಿದ್ದರೂ ಇದ್ದೀತು. ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆರಾಮಾಗಿ ಡ್ರ್ಯಾಗನ್ ಕೊಂದು ಮಲಗುತ್ತಾರೆ.

ಈ ನೆಮ್ಮದಿಯ ಹಿಂದೆ ಬೇರೆ ಯಾರದ್ದೋ ನಿದ್ದೆಗೇಡು ಇರುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಚಿತ್ರ ಬಿಡಿಸಲು ಯಂತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 30 ಸಾಕು ಅಂದರೆ ಅದರ ಎರಡರಷ್ಟು. ಕನ್ಸೋಲಿಗೆ ಗೇಮ್ ಮಾಡುವವರಿಗೆ ಆಡುವವರ ಮನೆಯಲ್ಲಿರುವ ಯಂತ್ರ ಯಾವುದು ಅಂತ ಪಕ್ಕಾ ಗೊತ್ತು. ಹುಲ್ಲನ್ನು ಎಷ್ಟು ದೂರದವರೆಗೆ ತೋರಿಸಬೇಕು, ಯಾವ ನೆರಳು ಕದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ಕೂತು ತೀರ್ಮಾನ ಮಾಡಿರುತ್ತಾರೆ. ಪಿಸಿಯಲ್ಲಿ ಆಡುವವರಿಗೆ ಅದೇ ತೀರ್ಮಾನಗಳ ಪಟ್ಟಿಯನ್ನು ಕೈಗೆ ಕೊಟ್ಟು, ನೀವೇ ನೋಡ್ಕೊಳ್ಳಿ ಅಂತಾರೆ. ನಮ್ಮಂಥವರು ಅದನ್ನೇ ದೊಡ್ಡ ಗೌರವ ಅಂದುಕೊಳ್ಳುತ್ತೇವೆ.

ಯಂತ್ರಗಳಲ್ಲಿ ಅಂಥ ವ್ಯತ್ಯಾಸವೇನೂ ಈಗ ಉಳಿದಿಲ್ಲ. 2013ರಲ್ಲಿ ಬಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡರ ಒಳಗೂ ಎಎಂಡಿ ಕಂಪನಿಯ ಚಿಪ್ಪು, ಪಿಸಿಯಲ್ಲಿರುವಂಥದ್ದೇ ಎಕ್ಸ್86 ಪ್ರೊಸೆಸರ್. 2020ರ ಪ್ಲೇಸ್ಟೇಷನ್ 5ರಲ್ಲಿ ಎಂಟು ಕೋರಿನ ಎಎಂಡಿ ಪ್ರೊಸೆಸರ್, 16 ಜಿಬಿ ಮೆಮೊರಿ. ಮುಚ್ಚಳ ತೆಗೆದರೆ ಅಲ್ಲಿ ಕೂತಿರುವುದು ನಮ್ಮ ಪಿಸಿಯ ದಾಯಾದಿ.

ಮೊದಲು ಹಾಗಿರಲಿಲ್ಲ. 2006ರ ಪ್ಲೇಸ್ಟೇಷನ್ 3ರಲ್ಲಿ ಸೆಲ್ ಎಂಬ ವಿಚಿತ್ರ ಪ್ರೊಸೆಸರ್ ಇತ್ತು. ಗೇಮ್ ಬರೆಯುವವರು ಅದರ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದರು. ಲೆಕ್ಕ ಮಾಡುವುದರಲ್ಲಿ ಮಾತ್ರ ಭಾರಿ ಚುರುಕು. ಅಮೆರಿಕದ ವಾಯುಪಡೆಯ ಸಂಶೋಧನಾಲಯ 2010ರಲ್ಲಿ ಸುಮಾರು 1,760 ಪ್ಲೇಸ್ಟೇಷನ್‌ಗಳನ್ನು ಒಟ್ಟಿಗೆ ಕಟ್ಟಿ ಸೂಪರ್‌ಕಂಪ್ಯೂಟರ್ ಮಾಡಿಕೊಂಡಿತು. ರೆಡಿಮೇಡ್ ಪೆಟ್ಟಿಗೆಗಳನ್ನೇ ಬಿಡಿಭಾಗ ಮಾಡಿಕೊಂಡು ಪಿಸಿ ಕಟ್ಟಿದ ಹಾಗಾಯಿತು ನೋಡಿ! ಅದೇ ವರ್ಷ ಪ್ಲೇಸ್ಟೇಷನ್ ಮಾಡುವ ಸೋನಿ ಒಂದು ಅಪ್‌ಡೇಟ್ ಬಿಟ್ಟು, ಆ ಯಂತ್ರದಲ್ಲಿ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ದಾರಿಯನ್ನು ಮುಚ್ಚಿತು. ಅಪ್‌ಡೇಟ್ ಬೇಡ ಅಂದವರಿಗೆ ಆನ್‌ಲೈನ್ ಆಟ ಬಂದ್. ದುಡ್ಡು ಕೊಟ್ಟು ತಂದ ಪೆಟ್ಟಿಗೆ ಮನೆಯಲ್ಲೇ ಕೂತಿದೆ, ಅದರ ಯಾವ ಗುಣ ಬಿಟ್ಟುಕೊಡ್ತೀರಿ ಹೇಳಿ ಅಂತ ಕಂಪನಿ ಕೇಳುತ್ತಿದೆ. ಕನ್ಸೋಲಿನ ಬಗ್ಗೆ ನನಗಿರುವ ನಿಜವಾದ ತಕರಾರು ಇದೊಂದೇ. ಬೇರೆಯವೆಲ್ಲ ಜಗಳ ಆಡಲು ಇಟ್ಟುಕೊಂಡ ನೆಪಗಳು.

ನೆಪಗಳಲ್ಲಿ ಮೊದಲನೆಯದು ದುಡ್ಡು. ಪಿಸಿ ಜೋಡಿಸಿದರೆ ಅಗ್ಗ ಅಂತ ನಾವು ಹೇಳುತ್ತಲೇ ಇರುತ್ತೇವೆ. ಅಷ್ಟೇ ಶಕ್ತಿಯ ಪಿಸಿ ಕನ್ಸೋಲಿನ ಬೆಲೆಗೆ ಸಿಗುವುದು ಕಷ್ಟ. ಕನ್ಸೋಲ್ ಕಂಪನಿಗಳು ಪೆಟ್ಟಿಗೆಯಲ್ಲಿ ಜಾಸ್ತಿ ಲಾಭ ಇಟ್ಟುಕೊಳ್ಳುವುದಿಲ್ಲ, ಎಷ್ಟೋ ಸಲ ನಷ್ಟಕ್ಕೇ ಮಾರುತ್ತವೆ. ಆಮೇಲೆ ಗೇಮ್‌ಗಳ ಮಾರಾಟದಲ್ಲಿ, ಆನ್‌ಲೈನ್ ಆಟದ ಚಂದಾದಲ್ಲಿ ನಿಧಾನಕ್ಕೆ ವಸೂಲಿ. ಪಿಸಿಯಲ್ಲಾದರೆ ಒಂದೊಂದು ಪಾರ್ಟಿನವನಿಗೂ ಅವನ ಲಾಭ ಅಲ್ಲೇ, ಆಗಲೇ ಬೇಕು. ಇಲ್ಲಿಗೆ ಬಂದಾಗ ನಮ್ಮವರು ಕೊನೆಯ ಅಸ್ತ್ರ ಬಿಡುತ್ತಾರೆ: "ಪಿಸಿ ಆದ್ರೆ ಆಫೀಸ್ ಕೆಲಸಕ್ಕೂ ಆಗುತ್ತೆ." ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್ ಬೇಡುವ ಎಕ್ಸೆಲ್ ಶೀಟನ್ನು ನಾನಂತೂ ಕಂಡಿಲ್ಲ. ಮನೆಯವರೂ ಈ ಮಾತನ್ನು ನಂಬಿದವರಲ್ಲ, ಹೋಗಲಿ ಅಂತ ಸುಮ್ಮನಾಗುತ್ತಾರೆ ಅಷ್ಟೇ.

ನಿಜ ಹೇಳಬೇಕೆಂದರೆ ಜೋಡಿಸುವುದು ಖುಷಿ, ಅದಕ್ಕೇ ಜೋಡಿಸುತ್ತೇವೆ. ಅದು ಎಂಥ ಖುಷಿ ಅಂತ ಹೊರಗಿನವರಿಗೆ ವಿವರಿಸುವುದು ಕಷ್ಟ, ಯಾಕಂದರೆ ನೋಡುವವರಿಗೆ ಅದು ಬರೀ ಹಿಂಸೆಯ ಹಾಗೆ ಕಾಣುತ್ತದೆ. ಎಲ್ಲ ಪಾರ್ಟುಗಳೂ ಬಂದು ಸೇರುವ ಮದರ್‌ಬೋರ್ಡಿನ ಕೆಳಗಿನ ಅಂಚಿನಲ್ಲಿ ಒಂಬತ್ತು ಪಿನ್ನುಗಳ ಒಂದು ಗುಂಪಿದೆ. ಐದೈದರ ಎರಡು ಸಾಲು, ಒಂದು ಜಾಗ ಖಾಲಿ. ಕ್ಯಾಬಿನೆಟ್ಟಿನ ಪವರ್ ಬಟನ್, ರೀಸೆಟ್ ಬಟನ್, ಎರಡು ದೀಪಗಳ ತೆಳ್ಳನೆಯ ವೈರುಗಳು ಅಲ್ಲಿಗೇ ಹೋಗಬೇಕು. ಪಿನ್ನು ಇರುವ ಜಾಗಕ್ಕೆ ಬೆರಳು ಹೋಗುವುದಿಲ್ಲ, ಬೆರಳು ಹೋದರೆ ಬೆಳಕು ಹೋಗುವುದಿಲ್ಲ. ಹಲ್ಲಿನಲ್ಲಿ ಟಾರ್ಚ್ ಕಚ್ಚಿಕೊಂಡು ಬಗ್ಗಿರುತ್ತೀರಿ. ಬಟನ್ನಿನ ವೈರು ಉಲ್ಟಾ ಆದರೂ ನಡೆಯುತ್ತದೆ. ದೀಪದ್ದು ಉಲ್ಟಾ ಆದರೆ ದೀಪ ಉರಿಯುವುದಿಲ್ಲ. ಇಷ್ಟು ದೊಡ್ಡ ಯಂತ್ರದಲ್ಲಿ ಆ ಸಾಸಿವೆಯಷ್ಟು ದೀಪ ಉರಿಯದಿದ್ದರೆ ಏನಾಯ್ತು ಅನ್ನುತ್ತೀರಾ? ಹಾಗನ್ನುವವರು ಕನ್ಸೋಲ್ ತಗೊಳ್ಳುವುದೇ ಒಳ್ಳೆಯದು.

ರ‍್ಯಾಮ್ ಅಂದರೆ ಮೆಮೊರಿಯ ಪಟ್ಟಿ ಎರಡಿದ್ದರೆ, ನಾಲ್ಕು ಸ್ಲಾಟಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು, ನಾಲ್ಕನೆಯದಕ್ಕೆ ಹಾಕಬೇಕು. ಅದು ಕೂರುವಾಗ ಬರುವ ಟಕ್ ಶಬ್ದಕ್ಕೆ ಬೇಕಾದ ಒತ್ತಡ ಎಷ್ಟೆಂದರೆ, ಬೋರ್ಡು ಮುರಿದೇ ಹೋಯ್ತು ಅಂತ ಪ್ರತಿ ಸಲವೂ ಅನಿಸುತ್ತದೆ. ಎಲ್ಲ ಮುಗಿಸಿ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಹೊಸ ಪೀಳಿಗೆಯ ಡಿಡಿಆರ್5 ರ‍್ಯಾಮ್ ಮೊದಲ ಸಲ ಬೋರ್ಡಿಗೆ ಹೊಂದಿಕೊಳ್ಳಲು ಕೆಲವು ಬಾರಿ ನಿಮಿಷಗಳೇ ಹಿಡಿಯುತ್ತವೆ. ಏನೂ ಮಾಡದೆ ಕೂತಿರುವುದೇ ಆಗ ಮಾಡಬೇಕಾದ ಕೆಲಸ. ಅದೊಂದನ್ನು ಬಿಟ್ಟು ಉಳಿದಿದ್ದೆಲ್ಲ ಮಾಡುತ್ತೇವೆ. ಡಿಸ್‌ಪ್ಲೇ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡಿಗೆ ಚುಚ್ಚಿ, ಕಾರ್ಡೇ ಕೆಟ್ಟಿದೆ ಅಂತ ಅಂಗಡಿಗೆ ಹೊರಡುವವರೂ ಇದ್ದಾರೆ.

ಪರದೆ ಬಂತು ಅಂದರೂ ಮುಗಿಯಲಿಲ್ಲ. ಡಬ್ಬಿಯ ಮೇಲೆ ವೇಗ 6000 ಅಂತ ಬರೆದಿರುವ ರ‍್ಯಾಮ್, ಬೋರ್ಡಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ಗೆ ಹೋಗಿ ಹೇಳುವ ತನಕ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲ 144 ಹರ್ಟ್ಸ್ ಮಾನಿಟರ್ ತಂದು, ವಿಂಡೋಸ್ ಸೆಟ್ಟಿಂಗಿನಲ್ಲಿ 60ರಲ್ಲೇ ಬಿಟ್ಟು, ಅದ್ಭುತ ಅದ್ಭುತ ಅಂತ ಆಡುವವರಿದ್ದಾರೆ. ಅವರ ಹಿಂದೆ ನಿಂತುಕೊಂಡು ಹೇಳಲೋ ಬೇಡವೋ ಅಂತ ಒದ್ದಾಡುವುದು ಇನ್ನೊಂದು ಸಂಕಟ. ನಾನು ಹೇಳುತ್ತೇನೆ. ಅಂದಿನಿಂದ ಅವರ ಪರದೆಯ ಮೂಲೆಯಲ್ಲೂ ನಂಬರು.

ಹಾಗಂತ ಕನ್ಸೋಲಿನ ಕಡೆಯೂ ಮೊದಲಿನ ಸುಖ ಉಳಿದಿಲ್ಲ. ಒಂದು ಕಾಲದಲ್ಲಿ ಕಾರ್ಟ್ರಿಜ್ ತುರುಕಿ ಸ್ವಿಚ್ ಹಾಕಿದರೆ ಆಟ ಶುರು. ಈಗ ಡಿಸ್ಕ್ ಹಾಕಿದರೂ ಹತ್ತಾರು ಜಿಬಿ ಅಪ್‌ಡೇಟ್, ಊಟಕ್ಕೆ ಕರೆದು ಆಮೇಲೆ ಒಲೆ ಹಚ್ಚಿದ ಹಾಗೆ. ಪ್ಲೇಸ್ಟೇಷನ್ 5ರಲ್ಲಿ ಎಸ್‌ಎಸ್‌ಡಿ (ಗೇಮ್ ತುಂಬಿಡುವ ಜಾಗ) ಸಾಲದಿದ್ದರೆ ಸ್ಕ್ರೂಡ್ರೈವರ್ ಹಿಡಿದು ನಾವೇ ಇನ್ನೊಂದು ಕೂರಿಸಬಹುದು. ಆ ಸ್ಲಾಟನ್ನು 2021ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ತೆರೆದರು. ಆ ಕಡೆ ಪಿಸಿಯವರಿಗೂ ಸೋಫಾದ ಆಸೆ. ಪಿಸಿ ಗೇಮ್ ಮಾರುವ ವಾಲ್ವ್ ಕಂಪನಿ 2015ರಲ್ಲಿ ಸ್ಟೀಮ್ ಮೆಷಿನ್ ಅಂತ ಟೀವಿ ಕೋಣೆಯಲ್ಲಿಡುವ ಪಿಸಿಗಳನ್ನು ತಂದು ಕೈ ಸುಟ್ಟುಕೊಂಡಿತು. 2022ರಲ್ಲಿ ಕೈಯಲ್ಲೇ ಹಿಡಿಯುವ ಸ್ಟೀಮ್ ಡೆಕ್ ತಂದು ಗೆದ್ದಿತು.

ಎಲ್ಲಕ್ಕಿಂತ ನನಗೆ ಒಳಗೊಳಗೇ ಖುಷಿ ಕೊಟ್ಟಿದ್ದು ಮೋಡ್‌ಗಳು. 2016ರ ಪ್ಲೇಸ್ಟೇಷನ್ 4 ಪ್ರೊ ಬಂದ ಮೇಲೆ ಕನ್ಸೋಲ್ ಗೇಮ್‌ಗಳೂ ಮೊದಲಿಗೇ ಕೇಳತೊಡಗಿದವು: ಚಿತ್ರ ಚೆಂದ ಇರಬೇಕೋ, ಫ್ರೇಮ್ ಜಾಸ್ತಿ ಬೇಕೋ? ಕ್ವಾಲಿಟಿಯೋ, ಪರ್ಫಾರ್ಮೆನ್ಸೋ? ಬಂದ್ರಲ್ಲ ದಾರಿಗೆ ಅಂದುಕೊಂಡೆ.

ತಂಗಿ ಹೊಸ ಗೇಮ್ ಹಾಕಿದಾಗ ಟೀವಿಯ ಮೇಲೆ ಈ ಪ್ರಶ್ನೆ ಬಂತು. "ಅಣ್ಣಾ, ಯಾವುದು ಒತ್ತಲಿ?" ಅಂದಳು.

ಇಂಥ ಪ್ರಶ್ನೆಗೆ ಕಾಯುತ್ತಿದ್ದವನು ನಾನು. ಕುರ್ಚಿ ಹತ್ತಿರ ಎಳೆದುಕೊಂಡೆ. "ನೋಡು, ಮೊದಲು ನಿನ್ನ ಟೀವಿ 60 ಹರ್ಟ್ಸಾ 120 ಹರ್ಟ್ಸಾ ಅಂತ ತಿಳ್ಕೋಬೇಕು. ಆಮೇಲೆ ನೀನು ಎಷ್ಟು ದೂರ ಕೂರ್ತೀಯಾ..."

ಅಷ್ಟರಲ್ಲಿ ಆಟ ಶುರುವಾಗಿತ್ತು. ಯಾವುದನ್ನು ಒತ್ತಿದೆ ಅಂತ ಕೇಳಿದೆ.

"ನೋಡ್ಲಿಲ್ಲ" ಅಂದಳು.