ಮೊಂಮಾರ್ತ್ರ ಗುಡ್ಡವನ್ನು ಹಿಂಬದಿಯಿಂದ ಹತ್ತಿ

ಪ್ಯಾರಿಸಿಗೆ ಬರುವ ನಮ್ಮ ಜನ ಮೊಂಮಾರ್ತ್ರ ನೋಡುವ ರೀತಿ ಬಹುಪಾಲು ಒಂದೇ. ಮೆಟ್ರೋ 2ನೇ ಮಾರ್ಗದ ಆನ್‌ವೇರ್ ನಿಲ್ದಾಣದಲ್ಲಿ ಇಳಿಯುವುದು, ಕೀಚೈನ್ ಮಾರುವ ಅಂಗಡಿಗಳ ನಡುವೆ ನುಗ್ಗಿ ಮೇಲೆ ಹೋಗುವುದು, ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಮೇಲೆ ಫೋಟೋ, ಚಿತ್ರಕಾರರ ಚೌಕದಲ್ಲಿ ಒಂದು ಸುತ್ತು, ಅಲ್ಲಿಗೆ ಮುಗಿಯಿತು. ಮುಖ್ಯ ಗುಡಿಗೆ ಕೈಮುಗಿದು ಬಸ್ಸು ಹತ್ತುವ ನಮ್ಮ ಪ್ರವಾಸದ ಕ್ರಮವನ್ನೇ ಇಲ್ಲಿಗೂ ಹೊತ್ತು ತಂದಿರುತ್ತೇವೆ. ಆದರೆ ಈ ಗುಡ್ಡದಲ್ಲಿ ನೋಡಬೇಕಾದದ್ದು ಗುಡಿಯಲ್ಲ, ಬೀದಿ. ಬೀದಿ ನೋಡಲು ಒಂದು ಇಡೀ ದಿನ ಬೇಕು, ಗುಡ್ಡವನ್ನು ಹಿಂಬದಿಯಿಂದ ಹತ್ತಬೇಕು.

ಹಿಂಬದಿ ಎಂದರೆ ಉತ್ತರದ ಕಡೆ. ಮೆಟ್ರೋ 12ನೇ ಮಾರ್ಗದ ಲಾಮಾರ್ಕ್-ಕೋಲೆಂಕೂರ್ ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿಯಿರಿ. ಮುಂಬದಿಯ ಗದ್ದಲ ಇಲ್ಲಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರು, ಬ್ರೆಡ್ಡಿನಂಗಡಿಯ ಸಾಲು, ಅಷ್ಟೆ. ರ್‍ಯೂ ದೆ ಸೋಲ್ ಎಂಬ ಕಡಿದಾದ ಬೀದಿ ಹಿಡಿದರೆ ಮೊದಲು ಸಿಗುವುದು ಲಾಪ್ಯಾಂ ಅಜಿಲ್. ಪಿಕಾಸೋ ಕಾಲದ ಕಲಾವಿದರು ಕೂತು ಕುಡಿದ, ಹಾಡಿದ ಪುಟ್ಟ ಮನೆ. ಕೆಡವಿಹಾಕುವ ಮಾತು ಬಂದಾಗ ಗಾಯಕ ಅರಿಸ್ತೀದ್ ಬ್ರುಯಾಂ ಅದನ್ನು ಕೊಂಡು ಉಳಿಸಿದ. ಇವತ್ತಿಗೂ ರಾತ್ರಿ ಅಲ್ಲಿ ಹಾಡಿಕೆ ನಡೆಯುತ್ತದೆ. ಹಗಲು ಬಾಗಿಲು ಮುಚ್ಚಿರುತ್ತದೆ, ಹೊರಗಿನಿಂದ ನೋಡಿ ಮುಂದೆ ನಡೆಯಿರಿ.

ಅದರ ಎದುರಿಗೇ ಊರ ನಡುವೆ ಒಂದು ದ್ರಾಕ್ಷಿತೋಟ. ಅದನ್ನು ನೋಡದೆ ಬಂದವರಿಗೆ ಈ ಗುಡ್ಡ ಅರ್ಥವಾಗುವುದು ಕಷ್ಟ. ಇಳಿಜಾರು ಉತ್ತರಕ್ಕೆ ಮುಖ ಮಾಡಿದೆ. ಬಿಸಿಲು ಬೇಕಾದ ದ್ರಾಕ್ಷಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. ಆದರೂ 1933ರಲ್ಲಿ ಇಲ್ಲಿ ಬಳ್ಳಿ ನೆಟ್ಟರು. ಆ ಖಾಲಿ ಜಾಗದಲ್ಲಿ ಕಟ್ಟಡ ಏಳುವುದಿತ್ತು. ಚಿತ್ರಕಾರ ಫ್ರಾನ್ಸಿಸ್ಕ್ ಪುಲ್ಬೋ ಮತ್ತು ಕೇರಿಯವರು ಸೇರಿ ತಡೆದರು, ಜಾಗ ಮತ್ತೆ ಕೈತಪ್ಪದಿರಲೆಂದು ತೋಟವಾಯಿತು. ಮರುವರ್ಷದಿಂದ ಸುಗ್ಗಿಹಬ್ಬ ಶುರು, ಈಗಲೂ ಪ್ರತಿ ಅಕ್ಟೋಬರಿನಲ್ಲಿ ನಡೆಯುತ್ತದೆ. ಭಾಷಣ, ಮನವಿಪತ್ರಗಳ ಜೊತೆಗೆ ನೆಲದಲ್ಲಿ ಏನನ್ನಾದರೂ ನೆಟ್ಟು ಕಾಯುವ ಈ ಹಟ ನಮ್ಮ ಊರುಗಳ ಹೋರಾಟಗಾರರಿಗೂ ಬೇಕು ಎಂದು ಅನಿಸುತ್ತದೆ.

ತೋಟದ ಮೇಲುಬದಿಗೆ ರ್‍ಯೂ ಕೋರ್ತೋ. 12ನೇ ನಂಬರಿನ ಮನೆಯೇ ಮೊಂಮಾರ್ತ್ರ ವಸ್ತುಸಂಗ್ರಹಾಲಯ. ಹತ್ತಕ್ಕೆ ತೆರೆಯುತ್ತದೆ, ಆಗಲೇ ಒಳಗೆ ಹೋಗಿ. ಚಿತ್ರಕಾರ ರೆನ್ವಾರ್ 1876ರಲ್ಲಿ ಇಲ್ಲಿದ್ದ. ಆಮೇಲೆ ಸುಝಾನ್ ವಲಾದೋಂ ಮತ್ತು ಆಕೆಯ ಮಗ ಉತ್ರಿಯೋ ಇದ್ದರು. ಅವರ ಚಿತ್ರಶಾಲೆಯನ್ನು ಹಾಗೇ ಮರುಜೋಡಿಸಿಟ್ಟಿದ್ದಾರೆ: ದೊಡ್ಡ ಗಾಜಿನ ಕಿಟಕಿ, ಒಲೆ, ಬಣ್ಣ ಮೆತ್ತಿದ ಮೇಜು. ಬೆಳಗಿನ ಬೆಳಕು ಆ ಕಿಟಕಿಯಿಂದ ನೆಲದ ಮೇಲೆ ಬೀಳುವುದನ್ನು ಐದು ನಿಮಿಷ ನಿಂತು ನೋಡಿದರೆ ಚಿತ್ರಕಾರರು ಈ ಗುಡ್ಡಕ್ಕೆ ಯಾಕೆ ಬಂದರೆಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಇನ್ನೊಂದು ಕಾರಣ ಅಗ್ಗದ ಬಾಡಿಗೆ. 1860ರವರೆಗೆ ಇದು ಪ್ಯಾರಿಸಿಗೆ ಸೇರದ ಹೊರಹಳ್ಳಿ.

ಅಲ್ಲಿಂದ ಹನ್ನೊಂದೂವರೆಯೊಳಗೆ ಚೌಕ ಮತ್ತು ಚರ್ಚು ಮುಗಿಸಿಬಿಡಿ, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಸಾಕ್ರೆ ಕರ್ ಒಳಗೆ ಹೋಗಲು ದುಡ್ಡಿಲ್ಲ. ಫೋಟೋ ತೆಗೆಯುವಂತಿಲ್ಲ, ಮಾತಾಡುವಂತಿಲ್ಲ. ಗುಮ್ಮಟಕ್ಕೆ ಬೇರೆ ಟಿಕೆಟ್, ಬಾಗಿಲು ಹೊರಗಡೆ ಎಡಕ್ಕೆ, ಸುಮಾರು 300 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿನೋವಿದ್ದವರು ಇದನ್ನು ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಕಟ್ಟಡಕ್ಕಿಂತ ಅದರ ಕೆಳಗಿನ ಕತೆ ದೊಡ್ಡದು. ಈ ಗುಡ್ಡದ ಹೊಟ್ಟೆಯೆಲ್ಲ ಜಿಪ್ಸಮ್ ಗಣಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹೆಸರು ಬಂದದ್ದೇ ಇಂಥ ಗಣಿಗಳಿಂದ. ಟೊಳ್ಳು ನೆಲದ ಮೇಲೆ ಚರ್ಚು ನಿಲ್ಲಿಸಲು 83 ಬಾವಿಗಳನ್ನು 33 ಮೀಟರ್ ಆಳಕ್ಕೆ ತೋಡಿ ಕಲ್ಲು-ಗಾರೆ ತುಂಬಿದರು.

ಚೌಕದ ಹೆಸರು ಪ್ಲಾಸ್ ದ್ಯು ತೆರ್ತ್. ಇಲ್ಲಿ ಕೂತು ಬರೆಯುವ ಕಲಾವಿದರಿಗೆ ನಗರಸಭೆ ಪರವಾನಗಿ ಕೊಡುತ್ತದೆ. ಸಿಗುವುದು ಸುಮಾರು ಒಂದು ಚದರ ಮೀಟರ್ ಜಾಗ, ಅದನ್ನೂ ಇಬ್ಬರು ಸರದಿಯ ಮೇಲೆ ಹಂಚಿಕೊಳ್ಳಬೇಕು. ಭಾವಚಿತ್ರ ಬರೆಸಿಕೊಳ್ಳುವ ಆಸೆಯಿದ್ದರೆ ಈಸಲ್ ಹೂಡಿ ಕೂತವರ ಹತ್ತಿರವೇ ಹೋಗಿ, ಅಳತೆ, ಬೆಲೆ, ಸಮಯ ಮೂರನ್ನೂ ಮೊದಲೇ ಮಾತಾಡಿ. ಹಲಗೆ ಹಿಡಿದು ಓಡಾಡುತ್ತಾ 'ನಿಮ್ಮ ಮುಖ ಚೆನ್ನಾಗಿದೆ' ಎನ್ನುತ್ತಲೇ ಗೀಚತೊಡಗುವವರಿಗೆ ಪರವಾನಗಿ ಇರುವುದಿಲ್ಲ. ನಿಂತಿರೋ, ಗೀಚಿದ್ದಕ್ಕೆಲ್ಲ ದುಡ್ಡು ಕೇಳುತ್ತಾರೆ. ಚರ್ಚಿನ ಕೆಳಗಿನ ಮೆಟ್ಟಿಲಲ್ಲಿ ಕೈಗೆ ದಾರ ಕಟ್ಟುವವರದೂ ಇದೇ ಬಗೆ. ಗುಡಿಯ ದಾರವೆಂದು ಕೈ ಚಾಚುವ ಅಭ್ಯಾಸ ನಮ್ಮದು, ಅದಕ್ಕೇ ಈ ಮಾತು: ಕೈ ಜೇಬಿನಲ್ಲಿರಲಿ.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಒಂದು ಭಾನುವಾರ ನಡೆಯುವ ಚಿತ್ರಸಂತೆ ಈ ಚೌಕಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ವಿದ್ಯಾರ್ಥಿಯ ಪಕ್ಕದಲ್ಲೇ ಪಳಗಿದ ಕೈಯವರು ಕೂರುತ್ತಾರೆ, ಬಗೆಬಗೆಯ ಶೈಲಿ ಸಿಗುತ್ತದೆ. ಇಲ್ಲಿ ವರ್ಷವಿಡೀ ಅದೇ ಐಫೆಲ್ ಗೋಪುರ, ಅದೇ ಮಳೆಯಲ್ಲಿ ನೆನೆದ ಬೀದಿ. ಆದರೆ ಚಿತ್ರಸಂತೆ ಒಂದು ದಿನದ್ದು. ಉಳಿದ ದಿನಗಳಲ್ಲಿ ಆ ರಸ್ತೆಯಲ್ಲಿ ನಡೆದುಹೋಗುವವರಿಗೆ ಅದು ಚಿತ್ರಕಾರರ ರಸ್ತೆ ಎಂಬ ಗುರುತು ಎಲ್ಲಿದೆ?

ಊಟದ ವಿಷಯ ಚಿಕ್ಕದು, ಆದರೆ ದಿನ ಕೆಡುವುದು ಅಲ್ಲೇ. ದರ್ಶಿನಿಯಂತೆ ಎಷ್ಟು ಹೊತ್ತಿಗೆ ಹೋದರೂ ಸಿಗುವುದಿಲ್ಲ. ಎರಡೂವರೆಯ ಮೇಲೆ ಬಹಳ ಕಡೆ ಅಡುಗೆಮನೆ ಮುಚ್ಚುತ್ತದೆ. ಹನ್ನೆರಡೂವರೆಗೆ ಕೂತುಬಿಡಿ, ಚೌಕದಲ್ಲಲ್ಲ, ಕೆಳಗೆ ಆಬೆಸ್ ಕಡೆ. ಒಳಗೆ ಹೋಗುತ್ತಲೇ 'ಬೊಂಜೂರ್' ಅನ್ನಬೇಕು, ಅನ್ನದೆ ನೇರ ತಿಂಡಿ ಕೇಳಿದರೆ ಅದು ಒರಟುತನ. 'ಕರಾಫ್ ದೋ' ಎಂದು ಕೇಳಿದರೆ ನಲ್ಲಿಯ ನೀರು ಉಚಿತವಾಗಿ ಕೊಡುತ್ತಾರೆ. ಬರೀ ನೀರು ಎಂದರೆ ಬಾಟಲಿ ಬಂದು ಬಿಲ್ಲು ಏರುತ್ತದೆ.

ಆಬೆಸ್‌ಗೆ ಇಳಿಯುವ ದಾರಿಯಲ್ಲಿ ನಿಧಾನಿಸಿ. ಪ್ಲಾಸ್ ಎಮಿಲ್ ಗುದೋದ 13ನೇ ನಂಬರು ಬಾತೋ-ಲಾವ್ವಾರ್. ಪಿಕಾಸೋ 1904ರಿಂದ 1909ರವರೆಗೆ ಇದ್ದ, ಆಧುನಿಕ ಚಿತ್ರಕಲೆಯ ದಿಕ್ಕು ಬದಲಿಸಿದ 'ಅವಿನ್ಯೋನ್ ಹೆಂಗಸರು' ಚಿತ್ರವನ್ನು 1907ರಲ್ಲಿ ಬರೆದ ಕಟ್ಟಡ. 1970ರಲ್ಲಿ ಸುಟ್ಟುಹೋಯಿತು, ಮುಂಗೋಡೆ ಮಾತ್ರ ಉಳಿಯಿತು. 1978ರಲ್ಲಿ ಮತ್ತೆ ಕಟ್ಟಿದಾಗ ಅದನ್ನು ಪಿಕಾಸೋ ಸ್ಮಾರಕಭವನ ಮಾಡಲಿಲ್ಲ, ಮತ್ತೆ ಚಿತ್ರಶಾಲೆಗಳನ್ನೇ ಮಾಡಿ ಕಲಾವಿದರಿಗೆ ಕೊಟ್ಟರು. ಹಾಗಾಗಿ ಒಳಗೆ ಬಿಡುವುದಿಲ್ಲ. ಎಷ್ಟೋ ಜನ ಬೇಸರಪಟ್ಟುಕೊಳ್ಳುತ್ತಾರೆ. ನನಗೆ ಅದೇ ಸರಿಯೆನಿಸುತ್ತದೆ. ರ್‍ಯೂ ಲೆಪಿಕ್‌ನ 54ನೇ ನಂಬರಿನಲ್ಲಿ ವ್ಯಾನ್ ಗೋ 1886ರಿಂದ 1888ರವರೆಗೆ ತಮ್ಮ ತೇಓ ಜೊತೆಗಿದ್ದ. ಗೋಡೆಯ ಮೇಲೆ ಒಂದು ಕಲ್ಲುಹಲಗೆಯಿದೆ, ಒಳಗೆ ಯಾವುದೋ ಸಂಸಾರಗಳಿವೆ, ಕಿಟಕಿಯಲ್ಲಿ ಪರದೆಗಳಿವೆ.

ನಮ್ಮಲ್ಲಿ ದೊಡ್ಡವರ ಮನೆಗೆ ಎರಡೇ ಗತಿ: ಸರ್ಕಾರ ಕೊಂಡು ಸ್ಮಾರಕ ಮಾಡಬೇಕು, ಇಲ್ಲವೇ ಮಕ್ಕಳು ಮಾರಿ ಅಪಾರ್ಟ್‌ಮೆಂಟ್ ಏಳಬೇಕು. ಮನೆಯನ್ನು ಮನೆಯಾಗಿಯೇ ಬಿಟ್ಟು ಗೋಡೆಗೆ ಒಂದು ಹಲಗೆ ಹಚ್ಚುವ ಮೂರನೆಯ ದಾರಿ ನಮಗೆ ಹೊಳೆಯುವುದೇ ಅಪರೂಪ. ಅದಕ್ಕೆ ತಗಲುವ ಖರ್ಚು ಒಂದು ಕಂಚಿನ ಪ್ರತಿಮೆಯ ಪೀಠಕ್ಕೂ ಸಮನಲ್ಲ. ಪ್ಯಾರಿಸಿನ ಬೀದಿಗಳಲ್ಲಿ ದೋಣಿಯ ಹುಟ್ಟಿನ ಆಕಾರದ ಫಲಕಗಳೂ ಇವೆ, ಒಂದೊಂದರಲ್ಲೂ ಆ ಜಾಗದ ಚರಿತ್ರೆ ಹತ್ತಿಪ್ಪತ್ತು ಸಾಲು. ಗೈಡಿಲ್ಲದೆ ಊರು ಓದಬಹುದು.

ಮಧ್ಯಾಹ್ನ ಮೂರಕ್ಕೆ ಮೊಂಮಾರ್ತ್ರ ಸ್ಮಶಾನ. ಸ್ಮಶಾನಕ್ಕೆ ನೋಡಲೆಂದು ಹೋಗುವುದೇ ಎಂದು ನಮ್ಮವರು ಹಿಂಜರಿಯುತ್ತಾರೆ. ಚಿತ್ರಕಾರ ದೆಗಾ, ಸಂಗೀತಕಾರ ಬೆರ್ಲಿಯೋಜ್ ಇಬ್ಬರ ಸಮಾಧಿಯೂ ಅಲ್ಲಿದೆ. ಹಳೆಯ ಗಣಿಯ ಗುಂಡಿಯಲ್ಲಿರುವ ಜಾಗವಾದ್ದರಿಂದ ಕೋಲೆಂಕೂರ್ ಸೇತುವೆಯ ಮೇಲಿಂದ ಕಾಣುತ್ತದೆ, ಆದರೆ ಬಾಗಿಲು ಕೆಳಗೆ, ಅವೆನ್ಯು ರಾಶೆಲ್‌ನಲ್ಲಿ. ಸೇತುವೆಯ ಪಕ್ಕದ ಮೆಟ್ಟಿಲಿಳಿಯಿರಿ.

ವಾಪಸು ಹೋಗಲು ಆಬೆಸ್ ನಿಲ್ದಾಣಕ್ಕೆ ಹೋದರೆ ವಾಸ್ತುಶಿಲ್ಪಿ ಗೀಮಾರ್ ರೂಪಿಸಿದ ಗಾಜಿನ ಚಾವಣಿಯ ಬಾಗಿಲು ನೋಡಿದಂತಾಗುತ್ತದೆ. ನಿಲ್ದಾಣ 36 ಮೀಟರ್ ಆಳದಲ್ಲಿದೆ. ಬಣ್ಣದ ಚಿತ್ರಗಳಿರುವ ಸುರುಳಿ ಮೆಟ್ಟಿಲಲ್ಲಿ ಇಳಿಯುವುದು ಚೆಂದ, ಹತ್ತುವುದು ಮಾತ್ರ ಬೇಡ, ಲಿಫ್ಟ್ ಹಿಡಿಯಿರಿ. ವಯಸ್ಸಾದವರು ಜೊತೆಗಿದ್ದರೆ ಗುಡ್ಡದ ಮೇಲೇ ಸುತ್ತುವ 40ನೇ ನಂಬರಿನ ಬಸ್ಸಿದೆ. ಕಲ್ಲುಹಾಸಿನ ಬೀದಿ ಮಳೆ ಬಂದರೆ ಜಾರುತ್ತದೆ, ನುಣುಪು ಅಟ್ಟೆಯ ಚಪ್ಪಲಿ ಬೇಡವೇ ಬೇಡ.

ಇಷ್ಟೆಲ್ಲ ಹೊಗಳಿದರೂ ಒಂದು ಮಾತು ಹೇಳಲೇಬೇಕು. ಕಲಾವಿದರನ್ನು ಇಲ್ಲಿಗೆ ಕರೆತಂದ ಆ ಅಗ್ಗದ ಬಾಡಿಗೆ ಇಲ್ಲಿಂದ ಹೋಗಿ ಕಾಲವಾಯಿತು. ನಗರ ಕಾಪಾಡಿಕೊಂಡ ಚಿತ್ರಶಾಲೆಗಳನ್ನು ಬಿಟ್ಟರೆ ಬಡ ಚಿತ್ರಕಾರ ಇಲ್ಲಿ ಬದುಕಲಾರ. ಧಾರವಾಡದಲ್ಲಿ ಕತೆ ತಿರುವುಮುರುವು. ದ್ರಾಕ್ಷಿಬಳ್ಳಿ ನೆಟ್ಟ ಅದೇ 1933ರಲ್ಲಿ ಜಿ. ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಇವತ್ತಿಗೂ ಪುಸ್ತಕ ತರುತ್ತಿದೆ, ಸುಭಾಸ ರಸ್ತೆಯ ಅದರ ಅಟ್ಟದ ಹೆಸರು ಕನ್ನಡ ಓದುವವರಿಗೆಲ್ಲ ಗೊತ್ತು. 1890ರ ವಿದ್ಯಾವರ್ಧಕ ಸಂಘ ಇದೆ, ಸಾಧನಕೇರಿಯ ದಂಡೆಯಲ್ಲಿ ಬೇಂದ್ರೆಯವರ ಮನೆ ಇದೆ, ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಇದೆ. ಸಂಗೀತ ಕಲಿಸುವ ಮನೆಗಳಲ್ಲಿ ತಂಬೂರಿ ಇನ್ನೂ ಶ್ರುತಿಯಲ್ಲಿದೆ. ಪ್ಯಾರಿಸ್ ಕಳೆದುಕೊಂಡದ್ದು ಧಾರವಾಡದಲ್ಲಿ ಉಳಿದಿದೆ. ಇಲ್ಲದಿರುವುದು ಇವನ್ನೆಲ್ಲ ಒಂದು ದಿನದ ದಾರಿಯಾಗಿ ಪೋಣಿಸುವ ವ್ಯವಸ್ಥೆ: ರೈಲು ನಿಲ್ದಾಣದಲ್ಲಿ ಸಿಗುವ ಒಂದು ಹಾಳೆಯ ನಕಾಶೆ, ಬಾಗಿಲು ತೆರೆಯುವ ವೇಳೆ ಬರೆದ ಬೋರ್ಡು, ಮೂಲೆಮೂಲೆಗೊಂದು ಫಲಕ, ಕೂರಲು ನೆರಳಿನ ಬೆಂಚು, ಕುಡಿಯಲು ನೀರು. ಪಾಲಿಕೆ ಮನಸ್ಸು ಮಾಡಿದರೆ ನಕಾಶೆ ಮತ್ತು ಫಲಕಗಳ ಕೆಲಸ ಬರುವ ಶ್ರಾವಣದೊಳಗೆ ಮುಗಿಯುವಂಥದ್ದು. ಆ ಮಳೆಯ ತಿಂಗಳಲ್ಲಿ ಸಾಧನಕೇರಿ ನೋಡಬೇಕೆಂಬ ಆಸೆ ಕನ್ನಡ ಬಲ್ಲ ಯಾರಿಗಿಲ್ಲ?