ಮೀಸೆ ಇರುವ ಶಾರ್ಕ್

ಎರಡು ವರ್ಷದ ಹಿಂದೆ ಮಗನ ಹುಟ್ಟುಹಬ್ಬಕ್ಕೆ ಮುಂಬೈಯ ಕ್ರಾಫರ್ಡ್ ಮಾರ್ಕೆಟ್‌ನಿಂದ ಎರಡು ಶಾರ್ಕ್ ತಂದೆ. ಹೌದು, ಶಾರ್ಕ್. ಅಂಗಡಿಯ ಹುಡುಗ ಹಾಗೇ ಹೇಳಿದ್ದು. "ಶಾರ್ಕ್ ಹೈ ಸಾಬ್, ಏಕ್‌ದಮ್ ಅಸ್ಲಿ." ನನ್ನ ಕಿರುಬೆರಳಿನಷ್ಟು ಉದ್ದ. ಬೆನ್ನ ಮೇಲೆ ಚೂಪು ರೆಕ್ಕೆ. ಬೆಳ್ಳಿ ಮೈ, ಅದರ ಮೇಲೆ ಉದ್ದಕ್ಕೆ ಕಪ್ಪು ಪಟ್ಟಿ. ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ನೀರು, ಅರ್ಧ ಗಾಳಿ ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದು ಕೊಟ್ಟ. ಸಿಎಸ್‌ಎಂಟಿಯಿಂದ ಡೊಂಬಿವಲಿವರೆಗೆ ಲೋಕಲ್ ರೈಲಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಕೂತವರು ಮರಾಠಿಯಲ್ಲಿ "ಮಾಸೆ?" ಅಂದರೆ ಮೀನಾ ಅಂತ ಕೇಳಿದರು. "ಶಾರ್ಕ್" ಅಂದೆ. ಸ್ವಲ್ಪ ಜಂಬದಿಂದಲೇ ಅಂದೆ.

ಮನೆಗೆ ಬಂದು ಟ್ಯಾಂಕ್‌ಗೆ ಬಿಟ್ಟ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಬಂದರು. ಅಮ್ಮ ಉಡುಪಿ ಕಡೆಯವರು. ಮದುವೆಯಾಗಿ ಮುಂಬೈಗೆ ಬಂದು ನಲವತ್ತು ವರ್ಷ ದಾಟಿದೆ, ಮೀನಿನ ಮಾರುಕಟ್ಟೆಯಲ್ಲಿ ಅವರಿಗೆ ಮೋಸ ಮಾಡಿದವರು ಇನ್ನೂ ಹುಟ್ಟಿಲ್ಲ. ಗಾಜಿಗೆ ಮೂಗು ತಾಗಿಸಿ ಒಂದು ನಿಮಿಷ ನೋಡಿದರು.

"ಇದೆಂಥ ತಾಟೆ ಮಾರಾಯಾ? ತಾಟೆಗೆ ಮೀಸೆ ಉಂಟಾ? ಇದು ಮುಗುಡಿನ ಜಾತಿ."

ಅಷ್ಟು ಹೇಳಿ ಒಳಗೆ ಹೋದರು. ತಾಟೆ ಅಂದರೆ ಅಮ್ಮನ ಊರಲ್ಲಿ ಶಾರ್ಕ್. ನಾನೂ ಬಗ್ಗಿ ನೋಡಿದೆ. ಬಾಯಿಯ ಹತ್ತಿರ ದಾರದೆಳೆಯ ಹಾಗೆ ಸಣ್ಣ ಮೀಸೆ. ಅಂಗಡಿಯಲ್ಲಿ ಅರ್ಧ ಗಂಟೆ ನಿಂತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಅದು ಕ್ಯಾಟ್‌ಫಿಶ್. ಅದರ ಪೂರ್ತಿ ಹೆಸರು ಪ್ಯಾಂಗೇಸಿಯಾನೊಡಾನ್ ಹೈಪೊಫ್ತಾಲ್ಮಸ್. ಹೈಪೊಫ್ತಾಲ್ಮಸ್ ಅಂದರೆ ಕಣ್ಣು ಕೆಳಗಿರುವುದು. ನೋಡಿದರೆ ನಿಜವೇ, ಕಣ್ಣು ಬಾಯಿಯ ಮಟ್ಟಕ್ಕೇ ಇಳಿದಿರುತ್ತದೆ. ಊರು ಮೆಕಾಂಗ್ ನದಿ. ಬೆಳೆದರೆ ಒಂದು ಮೀಟರ್ ದಾಟುತ್ತದೆ. ನನ್ನ ಟ್ಯಾಂಕ್ ಎರಡು ಅಡಿ. ಈ ಲೆಕ್ಕವನ್ನು ಅಂಗಡಿಯವನು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ, ಯಾಕೆಂದರೆ 'ಶಾರ್ಕ್' ಅನ್ನುವ ಹೆಸರು ಕೇಳಿಯೇ ಹೊಟ್ಟೆ ತುಂಬಿತ್ತು.

ಹತ್ತು ತಿಂಗಳಲ್ಲಿ ಒಂದು ಗೇಣು ದಾಟಿದವು. ಈ ಜಾತಿ ಬಲು ಪುಕ್ಕಲು. ರಾತ್ರಿ ಯಾರಾದರೂ ಹಾಲ್‌ನಲ್ಲಿ ಲೈಟ್ ಹಾಕಿದರೆ ಸಾಕು, ಗಾಬರಿಯಾಗಿ ಧಡ್ ಅಂತ ಗಾಜಿಗೆ ಗುದ್ದುತ್ತಿದ್ದವು. ಮೂತಿಯೆಲ್ಲ ಗಾಯ. ಕೊನೆಗೆ ಕರ್ಜತ್ ಕಡೆ ಮೀನಿನ ಹೊಂಡ ಇಟ್ಟುಕೊಂಡಿರುವ ಪರಿಚಯದವರಿಗೆ ಬಕೆಟ್‌ನಲ್ಲಿ ಒಯ್ದು ಕೊಟ್ಟೆ. ಅವರು ನೋಡಿದ ಕೂಡಲೇ ನಕ್ಕರು. "ಅರೆ, ಬಾಸಾ!"

ಅದೇ ಬಾಸಾ. ಹೋಟೆಲ್‌ನಲ್ಲಿ ಮುಳ್ಳಿಲ್ಲದ ಬಿಳಿ ತುಂಡು ಅಂತ ಮಕ್ಕಳಿಗೆ ತಿನ್ನಿಸುತ್ತೇವಲ್ಲ, ಅದು. ಇದರಲ್ಲೂ ಹೆಸರಿನ ಒಂದು ಕಿತಾಪತಿ ಇದೆ. ನಿಜವಾದ ಬಾಸಾ ಅಂದರೆ ಇದರದ್ದೇ ದಾಯಾದಿ ಇನ್ನೊಂದು ಮೀನು, ಪ್ಯಾಂಗೇಸಿಯಸ್ ಬೊಕೋರ್ಟಿ. ನಮ್ಮಲ್ಲಿ ಬಾಸಾ ಅಂತ ಬರುವುದು ಹೆಚ್ಚಾಗಿ ಈ ಹೈಪೊಫ್ತಾಲ್ಮಸ್. ಅಂದರೆ ಟ್ಯಾಂಕ್‌ನಲ್ಲಿ ಶಾರ್ಕ್, ತಟ್ಟೆಯಲ್ಲಿ ಬಾಸಾ. ಎರಡೂ ಸುಳ್ಳು ಹೆಸರು. ಮಗನಿಗೆ ಇದನ್ನು ಇನ್ನೂ ಹೇಳಿಲ್ಲ.

ಆಮೇಲೆ ನನಗೆ ಈ ಹೆಸರುಗಳ ಹುಚ್ಚು ಹಿಡಿಯಿತು. ಅಂಗಡಿಯ 'ರೆಡ್‌ಟೇಲ್ ಶಾರ್ಕ್' ಶಾರ್ಕ್ ಅಲ್ಲ, ನಮ್ಮ ಗೆಂಡೆಯ ಬಳಗದ್ದು. 'ಪ್ಯಾರೆಟ್' ಅನ್ನುವ ಗುಂಡು ಕಿತ್ತಳೆ ಮೀನು ಸಮುದ್ರದ ಪ್ಯಾರೆಟ್‌ಫಿಶ್ ಅಲ್ಲ, ಮನುಷ್ಯರು ಮಾಡಿದ ಮಿಶ್ರತಳಿ. ಪಾಪ, ಅದಕ್ಕೆ ಬಾಯಿ ಸರಿಯಾಗಿ ಮುಚ್ಚಲೂ ಆಗುವುದಿಲ್ಲ. ವಾಸ್ತುವಿಗೆ ಒಳ್ಳೆಯದು ಅಂತ ಸಾವಿರಾರು ರೂಪಾಯಿಗೆ ಮಾರುವ ಫ್ಲವರ್‌ಹಾರ್ನ್ ಕೂಡ ಹಾಗೆಯೇ. 1990ರ ದಶಕದಲ್ಲಿ ಮಲೇಷ್ಯಾ ಕಡೆ ಹುಟ್ಟಿದ ಬೆರಕೆ. ಅದಕ್ಕೊಂದು ವೈಜ್ಞಾನಿಕ ಹೆಸರೇ ಇಲ್ಲ, ಇರಲು ಅದೊಂದು ಪ್ರಭೇದವೇ ಅಲ್ಲ. ಇನ್ನು 'ಟ್ಯಾಂಕ್ ಕ್ಲೀನರ್'. ಈ ಹೆಸರಿಟ್ಟವನನ್ನು ಹಿಡಿದು ನಮ್ಮ ಮನೆ ಟ್ಯಾಂಕ್ ತೊಳೆಸಬೇಕು. ಅದು ದಕ್ಷಿಣ ಅಮೆರಿಕದ ಸಕ್ಕರ್ ಮೀನು. ಪಾಚಿ ತಿನ್ನುತ್ತದೆ ನಿಜ, ತಿಂದದ್ದಕ್ಕಿಂತ ಜಾಸ್ತಿ ಹೇತು ಇಡುತ್ತದೆ. ಒಂದು ಅಡಿ ದಾಟಿದ ಮೇಲೆ ಜನ ಕೈಮುಗಿದು ಕೆರೆಗೆ ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟದ್ದು ಈಗ ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಮನೆ ಮಾಡಿಕೊಂಡಿದೆ. ಅದರ ಮೈ ಮೇಲಿನ ಒರಟು ಚಿಪ್ಪಿಗೆ ಸಿಕ್ಕಿ ಬೆಸ್ತರ ಬಲೆ ಹರಿಯುತ್ತದೆ. 'ಕ್ಲೀನರ್' ಅನ್ನದೆ 'ಒಂದೂವರೆ ಅಡಿ ಸಕ್ಕರ್' ಅಂತ ಬೋರ್ಡ್ ಹಾಕಿದ್ದರೆ ಯಾರು ತರುತ್ತಿದ್ದರು ಹೇಳಿ?

ಹಾಗಾಗಿ ನನ್ನ ವಾದ ಇಷ್ಟೇ. ಮೀನು ಕೊಳ್ಳುವ ಮೊದಲು ಅದರ ಲ್ಯಾಟಿನ್ ಹೆಸರು ಕೇಳಿ. ದೊಡ್ಡಸ್ತಿಕೆಗೆ ಅಲ್ಲ. ಅಂಗಡಿಯ ಹೆಸರು ಮೀನು ಮಾರಾಟವಾಗಲಿ ಅಂತ ಇಟ್ಟದ್ದು. ಎಷ್ಟು ಬೆಳೆಯುತ್ತದೆ, ಯಾವ ನೀರು ಬೇಕು, ಯಾರ ಜೊತೆ ಹೊಂದುತ್ತದೆ ಅನ್ನುವುದು ಆ ಇನ್ನೊಂದು ಹೆಸರು ಹಿಡಿದು ಹುಡುಕಿದರೆ ಮಾತ್ರ ಸಿಗುತ್ತದೆ. ಉಚ್ಚಾರ ತಪ್ಪಿದರೂ ಪರವಾಗಿಲ್ಲ. ನಾನೊಮ್ಮೆ ಭಾರಿ ತಿಳಿದವನ ಹಾಗೆ "ಸಿಕ್ಲಿಡ್ ಇದೆಯಾ" ಅಂತ ಕೇಳಿದೆ. ಅದೊಂದು ಮೀನಿನ ಬಳಗದ ಹೆಸರು. ಅಂಗಡಿಯವನು ಇಲ್ಲ ಅಂದ. ಅವನ ಹಿಂದೆಯೇ ಟ್ಯಾಂಕ್ ತುಂಬಾ ಇದ್ದವು. "ಓ, ಚಿಚ್ಲಿಡ್!" ಅಂದ ಆಮೇಲೆ. ಈಗ ನಾನೂ ಅಲ್ಲಿ ಚಿಚ್ಲಿಡ್ ಅಂತಲೇ ಅನ್ನುತ್ತೇನೆ. ಮೀನಿಗೇನು ಬೇಜಾರಿಲ್ಲ.

ಲ್ಯಾಟಿನ್ ಅಂದ ಕೂಡಲೇ ನಮ್ಮದಲ್ಲ ಅಂತ ಮುಖ ತಿರುಗಿಸುತ್ತೇವೆ. ಆದರೆ ಒಂದಿಷ್ಟು ಹೆಸರು ಬಿಡಿಸಿ ನೋಡಿದರೆ ಒಳಗೆ ನಮ್ಮವರೇ ಕೂತಿದ್ದಾರೆ. ಎಲ್ಲರ ಮನೆಯಲ್ಲೂ ಇರುವ ಜೀಬ್ರಾ ಡ್ಯಾನಿಯೊ ಇದೆಯಲ್ಲ, ಡ್ಯಾನಿಯೊ ರೆರಿಯೊ. ಆ 'ಡ್ಯಾನಿಯೊ' ಬಂದದ್ದು ಬಂಗಾಳಿಯ 'ಧಾನಿ'ಯಿಂದ, ಭತ್ತದ ಗದ್ದೆಯದ್ದು ಅಂತ ಅರ್ಥ. ಡ್ವಾರ್ಫ್ ಗೌರಾಮಿಯ ಲ್ಯಾಟಿನ್ ಹೆಸರಿನಲ್ಲಿ 'ಲಾಲಿಯಸ್' ಅಂತ ಇದೆ, ಅದರಲ್ಲಿ ಇರುವುದು ನಮ್ಮ 'ಲಾಲ್'. ಬಾರ್ಬ್‌ಗಳ ಹಳೆಯ ಕುಲದ ಹೆಸರು, ಅಂದರೆ ಲ್ಯಾಟಿನ್ ಹೆಸರಿನ ಮೊದಲ ಭಾಗ, 'ಪುಂಟಿಯಸ್'. ಬಂಗಾಳಿಗಳ ಪುಂಟಿ ಮೀನು ಲ್ಯಾಟಿನ್ ಬಾಲ ಹಚ್ಚಿಕೊಂಡದ್ದು ಅಷ್ಟೆ.

ಈ ಹೆಸರುಗಳನ್ನು ಬರೆದಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ, ಗಂಗಾ ನದಿಯ ಮೀನುಗಳ ಬಗ್ಗೆ ಮಾಡಿದ ಪುಸ್ತಕದಲ್ಲಿ. ಯಾರಪ್ಪ ಇವನು ಅಂದುಕೊಳ್ಳಬೇಡಿ. ಟಿಪ್ಪು ಸತ್ತ ಮೇಲೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ಊರೂರಿನ ಬೆಳೆ, ಜಾತಿ, ತೆರಿಗೆ ಎಲ್ಲ ಬರೆದುಕೊಂಡು ಹೋದ ಬುಕಾನನ್ ಇದ್ದಾನಲ್ಲ, ಅವನೇ. ಆಮೇಲೆ ಹೆಸರು ಬದಲಾಯಿಸಿಕೊಂಡ. ಮೀನಿಗೆ ಹೆಸರಿಟ್ಟವನ ಹೆಸರೇ ಎರಡು!

ಅವನ ಪುಸ್ತಕದಲ್ಲಿ ಮೀನಿನ ಚಿತ್ರಗಳಿವೆ. ಬರೆದವನು ಹಲೂದಾರ್ ಎಂಬ ಬಂಗಾಳಿ ಹುಡುಗ. ಪುಸ್ತಕಕ್ಕೆ ಹೆಸರು ಬಂತು, ಹ್ಯಾಮಿಲ್ಟನ್‌ಗೆ ಬಂತು, ಹುಡುಗನನ್ನು ಕೇಳುವವರಿಲ್ಲ. ಸುಮಾರು ಇನ್ನೂರು ವರ್ಷ ಆದ ಮೇಲೆ, ನಮ್ಮ ಪಶ್ಚಿಮಘಟ್ಟದ ಕೆಂಪು ಮೈಯ, ಕಪ್ಪು ಪಟ್ಟೆಯ ಪುಟ್ಟ ಬಾರ್ಬ್‌ಗೆ ಹೊಸ ಕುಲದ ಹೆಸರು ಬೇಕಾಯಿತು. ಶ್ರೀಲಂಕಾದ ಸಂಶೋಧಕರು 2012ರಲ್ಲಿ 'ದ್ರಾವಿಡಿಯಾ' ಅಂತ ಇಟ್ಟರು. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಆ ಹೆಸರನ್ನು ಅದಕ್ಕೂ ಮೊದಲೇ ಯಾರೋ ಒಂದು ನೊಣಕ್ಕೆ ಕೊಟ್ಟಾಗಿತ್ತು. ಪ್ರಾಣಿಗಳ ಲೋಕದಲ್ಲಿ ಒಂದು ಕುಲದ ಹೆಸರು ಒಬ್ಬರಿಗೇ. ಹಾಗಾಗಿ 2013ರಲ್ಲಿ ಬದಲಾಯಿಸಿದರು. ಹೊಸ ಹೆಸರು ಹಲೂದಾರಿಯಾ. ಅಂಗಡಿಯಲ್ಲಿ ಇದನ್ನು ಮೆಲನ್ ಬಾರ್ಬ್ ಅಂತ ಮಾರುತ್ತಾರೆ. ನನ್ನ ಟ್ಯಾಂಕ್‌ನಲ್ಲಿ ಆರು ಇವೆ. ಬೆಳಿಗ್ಗೆ ಕಾಳು ಹಾಕುವಾಗ ನಾನು ಅವಕ್ಕೆ "ಬಾರೋ ಹಲೂದಾರ್" ಅನ್ನುತ್ತೇನೆ. ಹೆಂಡತಿಗೆ ನಾನು ಯಾರ ಜೊತೆ ಮಾತಾಡುತ್ತಿದ್ದೇನೆ ಅಂತ ಮೊದಮೊದಲು ಅನುಮಾನವಿತ್ತು.

'ಮಿಸ್ ಕೇರಳ' ಅನ್ನುವ ಮೀನು ಕೂಡ ಹಾಗೆಯೇ. ಮೈ ಮೇಲೆ ಕೆಂಪು ಗೆರೆ ಎಳೆದ ಆ ಚೆಲುವೆಯ ಕುಲಕ್ಕೆ ಭಾರತದ ಸಂಶೋಧಕರು 2013ರಲ್ಲಿ ಇಟ್ಟ ಹೆಸರು ಸಹ್ಯಾದ್ರಿಯಾ. ಕರ್ಜತ್ ಲೋಕಲ್‌ನ ಕಿಟಕಿಯಲ್ಲಿ ಮಳೆಗಾಲದಲ್ಲಿ ಹಸಿರಾಗಿ ಕಾಣುವ ಅದೇ ಸಹ್ಯಾದ್ರಿ. ಹಿಂದಿನ ಭಾಗ ಮಾತ್ರ 'ಡೆನಿಸೋನಿ', ಮದ್ರಾಸಿನ ಗವರ್ನರ್ ಡೆನಿಸನ್ ಸಾಹೇಬರ ಹೆಸರು. ಮಿಸ್ ಕೇರಳ ಅಂದರೆ ಫ್ಯಾಷನ್ ಷೋ ನೆನಪಾಗುತ್ತದೆ. ಸಹ್ಯಾದ್ರಿಯಾ ಅಂದರೆ, ಓಹೋ, ಇದಕ್ಕೆ ಹರಿಯುವ ತಂಪು ನೀರು ಬೇಕು ಅಂತ ತಾನಾಗಿ ತಿಳಿಯುತ್ತದೆ. ಅಳಿವಿನ ಅಂಚಿನಲ್ಲಿರುವ ಮೀನು ಇದು. ತೊರೆಗಳಿಂದ ಬಾಚಿ ಮಾರಿದ್ದೂ ಅದಕ್ಕೆ ಒಂದು ಕಾರಣ.

ಗಪ್ಪಿಯ ಕಥೆ ಎಲ್ಲರಿಗೂ ಗೊತ್ತಿರಬಹುದು. ಟ್ರಿನಿಡಾಡ್‌ನಿಂದ ಲಂಡನ್ನಿನ ಮ್ಯೂಸಿಯಂಗೆ ಮೀನು ಕಳಿಸಿದ ಗಪ್ಪಿ ಎನ್ನುವವರ ಹೆಸರನ್ನು 1866ರಲ್ಲಿ ಇಟ್ಟರು. ಆದರೆ 1859ರಲ್ಲೇ ಬೇರೊಬ್ಬರು ಅದಕ್ಕೆ ಹೆಸರು ಕೊಟ್ಟಿದ್ದರಿಂದ ಲ್ಯಾಟಿನ್‌ನಲ್ಲಿ ಗಪ್ಪಿ ಉಳಿಯಲಿಲ್ಲ, ಜನರ ಬಾಯಲ್ಲಿ ಉಳಿಯಿತು. ನಮ್ಮ ಚಾಳಿನ, ಅಂದರೆ ವಠಾರದ, ದಿನಗಳಲ್ಲಿ ಸೊಳ್ಳೆಮರಿ ತಿನ್ನಲಿ ಅಂತ ನೀರಿನ ತೊಟ್ಟಿಗೆ ಬಿಡುತ್ತಿದ್ದ 'ಗಪ್ಪಿ ಮಾಸೆ' ಇದೇ. ಮರಾಠಿಯಲ್ಲಿ ಗಪ್ಪಾ ಅಂದರೆ ಹರಟೆ. ಅದು ಹರಟುವ ಮೀನು ಅಂತಲೇ ನಾನು ಹತ್ತು ವರ್ಷದವರೆಗೆ ನಂಬಿದ್ದೆ.

ಇನ್ನೊಂದು ಗುಂಪು ಇದೆ. ಎಲ್ಲಕ್ಕೂ ಕನ್ನಡ ಹೆಸರೇ ಬೇಕು ಅನ್ನುವವರು. ಒಬ್ಬರು ಏಂಜೆಲ್‌ಗೆ 'ದೇವದೂತ ಮೀನು' ಅಂತ ಮಾಡಿದರು. ದಯವಿಟ್ಟು ಬೇಡ. ಏಂಜೆಲ್ ಏಂಜೆಲ್ಲೇ ಇರಲಿ, ಮೋಲಿ ಮೋಲಿಯೇ ಇರಲಿ. ಫೈಟರ್ ಮೀನಿನ ಕುಲದ ಹೆಸರು ಬೆಟ್ಟಾ. ಅದನ್ನು ಕನ್ನಡ ಮಾಡಲು ಹೋಗುವುದೇ ಬೇಡ, ಆಗಲೇ ಕನ್ನಡ. ನಮ್ಮ ಫ್ಯಾಮಿಲಿ ವಾಟ್ಸಾಪ್‌ನಲ್ಲಿ ಒಮ್ಮೆ "ನಮ್ಮನೆ ಬೆಟ್ಟ ಸತ್ತುಹೋಯಿತು" ಅಂತ ಬರೆದೆ. ಊರಿಂದ ಮೂರು ಫೋನ್ ಬಂತು.

ಆದರೆ ಕೆಲಸದ ಮಾತುಗಳ ವಿಷಯದಲ್ಲಿ ನಾನು ಪಕ್ಕಾ ಕನ್ನಡದವನು. ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ಟ್ಯಾಂಕ್ ಬಂದದ್ದು ಕಾಲೇಜಿನಲ್ಲಿ ಇದ್ದಾಗ. ಬೆಳಿಗ್ಗೆ ನೀರು ತುಂಬಿಸಿ ಸಂಜೆ ನಾಲ್ಕು ಗೋಲ್ಡ್‌ಫಿಶ್ ಬಿಟ್ಟೆ. ನೀರು ಪಳಪಳ ಅನ್ನುತ್ತಿತ್ತು. ಮೂರನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಐದನೇ ದಿನಕ್ಕೆ ನಾಲ್ಕೂ ಹೋದವು. ಅಮ್ಮ ಕಣ್ಣು ಬಿತ್ತು ಅಂದರು. ಅಂಗಡಿಯವನು "ಟ್ಯಾಂಕ್ ಸೈಕಲ್ ಕಿಯಾ ಥಾ ಕ್ಯಾ?" ಅಂತ ಕೇಳಿದ. ನನಗೆ ಗೊತ್ತಿದ್ದ ಸೈಕಲ್ ಕೆಳಗೆ ಮೆಟ್ಟಿಲ ಪಕ್ಕ ನಿಂತಿತ್ತು.

ಎಷ್ಟೋ ವರ್ಷದ ಮೇಲೆ ತಿಳಿಯಿತು. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಬೇಗ ಆಗಬೇಕು ಅಂದರೆ ಹಳೇ ಟ್ಯಾಂಕ್‌ನ ಕೊಳೆ ಸ್ಪಂಜಿನ ಒಂದು ತುಂಡನ್ನು ಹೊಸ ಫಿಲ್ಟರ್‌ಗೆ ತುರುಕಬೇಕು.

ಇದನ್ನು ಓದುವಾಗ ತಲೆಗೆ ಹೊಳೆಯಿತು. ಇದು ಹೆಪ್ಪು ಹಾಕುವುದಲ್ವಾ? ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ಹಾಲಿಗೆ ಬಿಟ್ಟು ಕಾಯುವುದು. 'ಸೈಕ್ಲಿಂಗ್', 'ಸೀಡಿಂಗ್' ಅಂತ ಅರ್ಧ ಗಂಟೆ ಬಿಡಿಸಿ ಹೇಳಿದರೂ ಅಮ್ಮನಿಗೆ ಅರ್ಥವಾಗದ್ದು "ಟ್ಯಾಂಕ್‌ಗೆ ಹೆಪ್ಪು ಹಾಕಿದ್ದೇನೆ, ಇನ್ನೂ ಕೂತಿಲ್ಲ" ಅಂದ ಕೂಡಲೇ ಅರ್ಥವಾಯಿತು. ಈಗ ಹೊಸ ಟ್ಯಾಂಕ್ ಇಡುವವರು ಯಾರು ಕೇಳಿದರೂ ನಾನು ಅದೇ ಕೇಳುತ್ತೇನೆ, ಹೆಪ್ಪು ಹಾಕಿದ್ರಾ? ನಮ್ಮ ಕಟ್ಟಡದ ಮೂರು ಮನೆಗೆ ನನ್ನ ಫಿಲ್ಟರ್‌ನಿಂದಲೇ ಹೆಪ್ಪು ಹೋಗಿದೆ. ಹಾಗೆಯೇ ಹಾರ್ಡ್ ವಾಟರ್‌ಗೆ ಗಡಸು ನೀರು. ನಲ್ಲಿಯ ನೀರಲ್ಲಿ ಚೆನ್ನಾಗಿದ್ದ ಮೀನು ಟ್ಯಾಂಕರ್ ಬಂದ ವಾರ ಯಾಕೆ ಮಂಕಾಯಿತು ಅಂತ ಹೇಳಲು ಬೇರೆ ಪದ ಬೇಕಿಲ್ಲ. ವೈಟ್ ಸ್ಪಾಟ್ ರೋಗಕ್ಕೆ ನಾನು ರವೆ ರೋಗ ಅನ್ನುತ್ತೇನೆ. ಮೀನಿನ ಮೈ ಮೇಲೆ ಸಣ್ಣ ರವೆ ಉದುರಿಸಿದ ಹಾಗೇ ಕಾಣುತ್ತದೆ, ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಕಾರ್ಕಳದ ಹತ್ತಿರ ಮಾವನ ಮನೆ. ಮೊಬೈಲ್‌ನಲ್ಲಿ ನನ್ನ ಹೊಸ ಮೀನು ತೋರಿಸಿದೆ. ಡಾಕಿನ್ಸಿಯಾ ಫಿಲಮೆಂಟೋಸಾ. ಬಾಲದ ಬುಡದಲ್ಲಿ ಕಪ್ಪು ಮಚ್ಚೆ, ಬೆನ್ನಿನ ರೆಕ್ಕೆಯಿಂದ ಎಳೆ ಎಳೆ ದಾರ. ರಿಚರ್ಡ್ ಡಾಕಿನ್ಸ್ ಅನ್ನುವ ದೊಡ್ಡ ವಿಜ್ಞಾನಿಯ ಹೆಸರು ಇಟ್ಟಿದ್ದಾರೆ ಅಂತೆಲ್ಲ ವಿವರಿಸಿದೆ. ಒಂದಕ್ಕೆ 80 ರೂಪಾಯಿ ಅಂತಲೂ ಹೇಳಿಬಿಟ್ಟೆ. ಮಾವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು ನಮ್ಮ ತೋಡಿನ ಮೀನಲ್ವಾ? ಇದಕ್ಕೆ ಎಂಬತ್ತು ಕೊಟ್ಟೆಯಾ?"

ನನಗೆ ಖುಷಿಯೋ ಖುಷಿ. ಹಾಗಾದರೆ ಇದಕ್ಕೆ ಇಲ್ಲಿ ಏನಂತಾರೆ ಅಂತ ಕೇಳಿದೆ. ಮಾವ ತಲೆ ಕೆರೆದುಕೊಂಡರು. ಅಂಜಲ್, ಮಾಂಜಿ, ಬಂಗುಡೆ, ಬೂತಾಯಿ, ಕಾಣೆ ಅಂತ ನಿದ್ದೆಯಲ್ಲೂ ಹೇಳುವ ಮನುಷ್ಯ. ಕೊನೆಗೆ ಒಳಗೆ ಕೂಗಿ ಅತ್ತೆಯನ್ನು ಕರೆದರು. ಅತ್ತೆ ಕೈ ಒರೆಸಿಕೊಂಡು ಬಂದು ಫೋಟೋ ನೋಡಿದರು. ಕರಾವಳಿಯವರು, ಮಲೆನಾಡಿನವರು ಯಾರಿಗಾದರೂ ಈ ಮೀನಿನ ಊರಿನ ಹೆಸರು ಗೊತ್ತಿದ್ದರೆ ನಿಜವಾಗಿಯೂ ಹೇಳಿ, ನಾನು ಬರೆದಿಟ್ಟುಕೊಳ್ಳುತ್ತೇನೆ. ಅತ್ತೆ ಮಾತ್ರ ಫೋನ್ ವಾಪಸ್ ಕೊಡುತ್ತಾ ಅಂದರು:

"ಅದಕ್ಕೆ ಹೆಸರೆಂಥದು? ಬರೀ ಮುಳ್ಳು."