ಸೀರೆ ಉಡಿಸಿದರೆ ಕಾಮಿಡಿಯಾ?

ರಾತ್ರಿ ಊಟಕ್ಕೆ ಕೂತರೆ ಟಿವಿಯಲ್ಲಿ ಅದೇ ಕಾಮಿಡಿ ಶೋ. ಗಂಡಸಿಗೆ ಸೀರೆ ಉಡಿಸಿ, ಸೊಂಟ ಬಳುಕಿಸಿ, ಇನ್ನೊಬ್ಬ ಗಂಡಸಿನ ಕೆನ್ನೆ ಹಿಂಡಿಸೋದು. ನಗುವನ್ನೂ ಅವರೇ ಹಾಕಿರುತ್ತಾರೆ! ಯಕ್ಷಗಾನದ ಸ್ತ್ರೀವೇಷವನ್ನು ಬೆಳಗಿನ ಜಾವದವರೆಗೆ ಕೂತು ನೋಡುವ ಮಲೆನಾಡಿನವರು ನಾವು, ಅಲ್ವಾ? ಅಲ್ಲಿ ಗೌರವ, ಇಲ್ಲಿ ಗೇಲಿ.

ಶಿವಮೊಗ್ಗದ ಕುವೆಂಪು ರಂಗಮಂದಿರಕ್ಕೆ ನಾಟಕ ನೋಡಲು ಹೋದರೂ ಇದೇ ಕಾಟ. ಇಬ್ಬರು ಹುಡುಗರು ಸುಮ್ನೆ ಕೈ ಹಿಡಿದು ನಿಂತ ದೃಶ್ಯ, ಹಿಂದಿನ ಸಾಲಿನಿಂದ ಕಿಸಕ್. ಚಿಪ್ಸ್ ಪೊಟ್ಟಣದ ಪರಪರ ಬೇರೆ.

"ಅದೆಲ್ಲ ಬೆಂಗಳೂರಿನವರ ಖಯಾಲಿ ಮಾರಾಯ" ಅಂತಾರೆ ದೊಡ್ಡಪ್ಪ. 377ನೇ ಕಲಂ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿದೆ ದೊಡ್ಡಪ್ಪ. ಆ ತೀರ್ಪು ತುಂಗಾ ಸೇತುವೆಯಿಂದ ಈಚೆಗೂ ಅನ್ವಯಿಸುತ್ತೆ! ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೊಡಲಿಲ್ಲ, ಆ ಸಿಟ್ಟು ಬೇರೆಯೇ ಇದೆ.